ಗಂಡನ ಹೆಸರು ಕೇಳುವ ಯಂತ್ರ

ಸುಮ್ಮನೆ ಕೂಡುವುದು ಒಂದು ವಿದ್ಯೆ, ಅದು ನನಗೆ ಹತ್ತಲಿಲ್ಲ. ಶಾಲೆ ನಾಲ್ಕನೆಯ ತರಗತಿಗೇ ನಿಂತಿತಲ್ಲ ಎಂಬ ಬೇಸರ ಅಷ್ಟಾಗಿಲ್ಲ. ಗಿರಣಿಯ ಗಲ್ಲಾದ ಮುಂದೆ ಕುಳಿತು ಪತ್ರಿಕೆ ಓದುವಷ್ಟು, ಈಗ ಇದನ್ನು ಬರೆಯುವಷ್ಟು ಅಕ್ಷರ ಕೈಯಲ್ಲಿವೆ, ಅಷ್ಟು ಸಾಕು. ಆದರೆ ಕುಳಿತಲ್ಲೇ ಕುಳಿತಿರುವುದು ಹೇಗೆಂದು ಯಾರೂ ಕಲಿಸಲಿಲ್ಲ. ಪುರಾಣ ಕೇಳಲು ಹೋದರೆ ಶಾಸ್ತ್ರಿಗಳು ಕತೆಯನ್ನು ಅರ್ಧಕ್ಕೆ ತರುವುದರೊಳಗೆ ನಾನು ಪ್ರಸಾದದ ಹಂಡೆಯ ಹತ್ತಿರ ಸೌಟು ಹಿಡಿದು ನಿಂತಿರುತ್ತೇನೆ. ಮಸ್ಕಿಯಲ್ಲಿ ಬಸ್ಸು ಹತ್ತಿದರೆ ಸಿಂಧನೂರು ಬರುವುದರೊಳಗೆ ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ, ಬಾಗಿಲ ಕಡೆಯಿಂದ ಮತ್ತೆ ಕಿಟಕಿಗೆ ಸೀಟು ಬದಲಿಸುತ್ತೇನೆ. ಯಾರಾದರೂ ತೀರಿಕೊಂಡ ಮನೆಗೆ ಹೋದರೂ ಅಳುವವರ ನಡುವೆ ಕೂಡಲಾಗದೆ ಚಹಾದ ಲೋಟ ತೊಳೆಯಲು ಎದ್ದುಬಿಡುತ್ತೇನೆ. "ಈಕಿ ಬಂದ್ಲು ನೋಡು, ಇನ್ನ ಹೆಣಾನೂ ಎದ್ದು ಒಂದು ಕೆಲಸ ಮಾಡಬೇಕಾಗತೈತಿ" ಎಂದು ನಮ್ಮ ಓಣಿಯವರು ನನ್ನೆದುರಿಗೇ ಆಡಿದ್ದುಂಟು. ಇದಕ್ಕೆಲ್ಲ ಗಿರಣಿಯೇ ಕಾರಣವೆಂದು ನನ್ನ ಅನುಮಾನ. ನಮ್ಮ ಮನೆ ಹಿಟ್ಟಿನ ಗಿರಣಿಯ ಬೆನ್ನಿಗೆ ಅಂಟಿಕೊಂಡಿದೆ. ಬೆಲ್ಟು ತಿರುಗುತ್ತಿದ್ದರೆ ನೆಲ ನಡುಗುತ್ತದೆ, ನೆಲ ನಡುಗುತ್ತಿದ್ದರೆ ನನಗೆ ಸಮಾಧಾನ. ಕರೆಂಟು ಹೋಗಿ ಗಿರಣಿ ನಿಂತಿತೋ, ನೆಲದ ನಡುಕವೆಲ್ಲ ನನ್ನ ಕಾಲಿಗೆ ಬಂದು ಸೇರಿಕೊಳ್ಳುತ್ತದೆ.

ಇಂಥವಳಿಗೆ ಒಂದು ಕೆಲಸ ಹಚ್ಚಿದ್ದಾರೆ. ಲಿಂಗಸುಗೂರಿನ ವೀರಭದ್ರಪ್ಪನವರಿಗೆ ಸನ್ಮಾನ ಮಾಡುತ್ತಾರಂತೆ, ಒಂದು ಪುಸ್ತಕವನ್ನೂ ತರುತ್ತಾರಂತೆ, ಅದಕ್ಕೆ ನಾನು ಬರೆದುಕೊಡಬೇಕಂತೆ. ಮನೆಯಲ್ಲೇ ಹಾಡು ಧ್ವನಿಮುದ್ರಣ ಮಾಡುವುದು ಹೇಗೆಂದು ಜೀವಮಾನವಿಡೀ ಬರೆದ ಮನುಷ್ಯ ಅವರು. ಬರೆದದ್ದರಲ್ಲಿ ಅರ್ಧ ಪಾಲು "ಅಲುಗಾಡಬೇಡಿ" ಎಂಬುದೇ, ಇನ್ನರ್ಧ "ಮೊದಲು ಕೇಳಿಸಿಕೊಳ್ಳಿ" ಎಂಬುದು. ನನ್ನನ್ನು ಕೇಳಲು ಬಂದ ಸನ್ಮಾನದವರು ಹಿಟ್ಟಿನ ಧೂಳಿನಲ್ಲಿ ಬಿಳಿ ಅಂಗಿ ಝಾಡಿಸುತ್ತಾ ನಿಂತು, "ನಾಕು ಒಳ್ಳೆ ಮಾತು ಬರೀರಿ ಅವ್ವಾರ" ಎಂದರು.

"ಒಳ್ಳೆ ಮಾತು ಬರೀಲೋ, ಖರೆ ಮಾತು ಬರೀಲೋ?" ಎಂದೆ.

"ಎರಡೂ ಕೂಡಿಸಿ ಬರೀರಿ" ಎಂದು ಜಾಣತನ ಮಾಡಿ ಹೋದರು. ಕೂಡಿಸುವುದು ನನಗೆ ಬರುವುದಿಲ್ಲ. ಖರೆ ಬರೆಯುತ್ತೇನೆ, ಅದರಲ್ಲಿ ಒಳ್ಳೆಯದು ಇದ್ದರೆ ಅವರೇ ಆರಿಸಿಕೊಳ್ಳಲಿ.

ವೀರಭದ್ರಪ್ಪನವರದು ಮೊದಲು ರೇಡಿಯೊ, ಟೇಪು ರಿಪೇರಿಯ ಅಂಗಡಿ. ಆಮೇಲೆ ಭಜನೆಯವರನ್ನು, ನಾಟಕದವರನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡಿಸಿ ಕ್ಯಾಸೆಟ್ಟು ಮಾಡಲು ಹತ್ತಿದರು. ಅದಾದ ಮೇಲೆ ಸಿಂಧನೂರಿನಿಂದ ಹೊರಡುವ ವಾರಪತ್ರಿಕೆಯೊಂದಕ್ಕೆ ಬರೆಯಲು ಕುಳಿತರು, ಇವತ್ತಿಗೂ ಎದ್ದಿಲ್ಲ. ರೀಲು ಹೋಗಿ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಕಂಪ್ಯೂಟರು, ಈಗ ಮೊಬೈಲು. ಬಂದದ್ದನ್ನೆಲ್ಲ ಬಿಚ್ಚಿ ನೋಡಿ, ಇದು ಕೆಲಸದ್ದು, ಇದು ಬರೀ ಥಳಕಿನದು ಎಂದು ಬರೆದರು. ಹೋದದ್ದಕ್ಕೆ ಅಳುತ್ತ ಕೂಡಲಿಲ್ಲ. ಅದು ನನಗೆ ಹಿಡಿಸಿತು. ನಮ್ಮ ಗಿರಣಿಗೆ ಆ ಪತ್ರಿಕೆ ಬರುತ್ತದೆ. ಜೋಳ ಬೀಸಿಸಲು ಬಂದವರು ಅದರಲ್ಲಿ ರಾಶಿಯ ಧಾರಣೆ ನೋಡುತ್ತಾರೆ, ನಾನು ವೀರಭದ್ರಪ್ಪನವರನ್ನು ಓದುತ್ತೇನೆ. ನನಗೆ ಮೈಕೂ ಇಲ್ಲ, ಮಿಕ್ಸರೂ ಇಲ್ಲ. ಆದರೆ ಅವರು ಬೈಯುವುದನ್ನು ಓದಲು ಬಲು ಖುಷಿ. ದಢೇಸುಗೂರಿನ ಒಬ್ಬ ಹಾಡುಗಾರ ಒಮ್ಮೆ ಬರೆದು ಕೇಳಿದ್ದ: ನಾನು ಹಾಡಿದ್ದರ ಹಿಂದೆ ಏನೋ ವಟಗುಟ್ಟುತ್ತದೆ, ಇನ್ನೂ ಒಳ್ಳೆಯ ಮೈಕು ಯಾವುದು ಕೊಳ್ಳಲಿ ಎಂದು. ಇವರು ಉತ್ತರ ಬರೆದರು: "ನೀವು ಕಾಲುವೆ ಬದಿಯ ಮನೆಯಲ್ಲಿ ರಾತ್ರಿ ಹಾಡುತ್ತಿದ್ದೀರಿ. ಅದು ಗದ್ದೆಯ ಕಪ್ಪೆ. ಇನ್ನೂ ಒಳ್ಳೆಯ ಮೈಕು ಕೊಂಡರೆ ಕಪ್ಪೆ ಇನ್ನೂ ಚೆನ್ನಾಗಿ ಕೇಳುತ್ತದೆ." ನಾನು ನಕ್ಕ ರಭಸಕ್ಕೆ ಗಿರಾಕಿಯೊಬ್ಬನ ಸಜ್ಜೆ ಹಿಟ್ಟು ಇನ್ನೊಬ್ಬನ ಚೀಲಕ್ಕೆ ಹೋಯಿತು. ಈಗ ಸಿಂಧನೂರು ಕಡೆ ಓಣಿಗೊಬ್ಬರಂತೆ ಮನೆಯಲ್ಲೇ ಹಾಡಿ ಮೊಬೈಲಿಗೆ ಬಿಡುವವರು ಇದ್ದಾರಲ್ಲ, ಅವರ ಗೋಡೆಗೆಲ್ಲ ಹಳೆಯ ಸೀರೆ ಹೊಲಿದು ಮಾಡಿದ ಕೌದಿಗಳು ನೇತಾಡುತ್ತಿದ್ದರೆ ಅದು ಇವರ ಬರಹದ ಪ್ರತಾಪ. ದನಿ ಗೋಡೆಗೆ ಬಡಿದು ತಿರುಗಿ ಬರಬಾರದು, ಕೌದಿ ಅದನ್ನು ನುಂಗಬೇಕು ಎಂದು ಬರೆದದ್ದೇ ತಡ, ಚಳಿಗಾಲದಲ್ಲಿ ಮನೆಮಂದಿಗೆ ಹೊದೆಯಲು ಏನೂ ಉಳಿಯಲಿಲ್ಲ.

ಇಷ್ಟು ಓದಿಕೊಂಡವಳಿಗೆ ಅವರ ಮುಂದೆ ಕೂಡುವ ಗಳಿಗೆ ಬರುತ್ತದೆಂದು ಯಾರು ಎಣಿಸಿದ್ದರು? ಬಂದದ್ದು ನೀಲಮ್ಮನ ಗಂಟಲಿನಿಂದ.

ನೀಲಮ್ಮ ನನ್ನ ನೆಗೆಣ್ಣಿ, ನನ್ನ ಮೈದುನ ಅಮರೇಶಪ್ಪನ ಹೆಂಡತಿ. ನಮ್ಮ ಮನೆಯವರು ಗಿರಣಿ ಹಾಕಿಕೊಂಡು ಮಸ್ಕಿಗೆ ಬಂದರು, ಮೈದುನ ಹೊಲ ನೋಡಿಕೊಂಡು ಗುರುಗುಂಟಾದಲ್ಲೇ ಉಳಿದ. ಊರು ಬೇರೆಯಾದರೂ ಮದುವೆಗಳಲ್ಲಿ ನಾವಿಬ್ಬರೂ ಜೋಡಿ. ಬೀಗರನ್ನು ಗೇಲಿ ಮಾಡುವ ಹಾಡು ಹೇಳಬೇಕಾದರೆ ಸುತ್ತಲಿನ ಊರಿನವರು ನಮ್ಮನ್ನೇ ಕರೆಯುತ್ತಾರೆ. ಬೀಗರ ಮೂಗು, ಬೀಗಿತ್ತಿಯ ನಡಿಗೆ, ಅವರು ತಂದ ಸೀರೆಯ ಬಣ್ಣ, ಯಾವುದನ್ನೂ ಬಿಟ್ಟವರಲ್ಲ. ನಮ್ಮ ಹಾಡಿಗೆ ಸಿಟ್ಟಾಗಿ ಊಟ ಬಿಟ್ಟು ಎದ್ದ ಬೀಗರು, ನಗು ತಡೆಯಲಾರದೆ ಮತ್ತೆ ಎಲೆಯ ಮುಂದೆ ಕುಳಿತದ್ದುಂಟು. ನಾನು ಮುಂದೆ ಒಂದು ನುಡಿ ಹಾಡಬೇಕು, ಅವಳು ಹಿಂದೆ ಅದನ್ನೇ ಹಿಡಿದು ತಿರುಗಿ ಹಾಡಬೇಕು. ಆ ನೀಲಮ್ಮನ ಗಂಟಲಲ್ಲಿ ಗಡ್ಡೆ ಆಯಿತು. ರಾಯಚೂರಿನ ಡಾಕ್ಟರು ನೋಡಿ, ಜೀವಕ್ಕೆ ಭಯವಿಲ್ಲ, ಆದರೆ ಕೊಯ್ದು ತೆಗೆಯಬೇಕು, ತೆಗೆದ ಮೇಲೆ ದನಿ ಮೊದಲಿನಂತೆ ಇರುತ್ತದೆಂದು ಮಾತು ಕೊಡಲಾರೆ ಎಂದರು. ಆಪರೇಷನ್ನಿಗೆ ಮುಂದಿನ ವಾರವೇ ದಿನ ಗೊತ್ತಾಯಿತು.

ಅವಳ ಮಗಳು ಮಹಾದೇವಿ ಹಟ್ಟಿಯಲ್ಲಿದ್ದಾಳೆ. ಅಳಿಯನಿಗೆ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ, ಕಂಪನಿಯ ಮನೆ. ಸುದ್ದಿ ಕೇಳಿ ಗುರುಗುಂಟಾದ ತವರಿಗೆ ಓಡಿ ಬಂದವಳು, ತಾಯಿಯ ದನಿಯನ್ನಾದರೂ ಹಿಡಿದು ಇಟ್ಟುಕೊಳ್ಳೋಣವೆಂದು ನಮ್ಮಿಬ್ಬರನ್ನೂ ಕೂಡಿಸಿ ಮೊಬೈಲಿನಲ್ಲಿ ಹಾಡಿಸಿದಳು. ತಿರುಗಿ ಹಚ್ಚಿ ಕೇಳಿದರೆ ಫ್ಯಾನು ಹಾಡಿತ್ತು, ನನ್ನ ಬಳೆ ತಾಳ ಹಾಕಿತ್ತು, ನೀಲಮ್ಮ ಎಲ್ಲೋ ಬಾವಿಯ ತಳದಲ್ಲಿ ಇದ್ದಳು.

"ದೊಡ್ಡವ್ವಾ, ಹಿಂಗ ಆದ್ರ ಹೆಂಗ? ಇದನ್ನ ಇಟ್ಕೊಂಡು ನಾ ಏನ್ ಮಾಡ್ಲಿ?" ಎಂದು ಮಹಾದೇವಿ ಕಣ್ಣು ತುಂಬಿಕೊಂಡಳು.

"ಅತ್ತರ ಫ್ಯಾನ್ ನಿಲ್ಲತೈತೇನು? ವೀರಭದ್ರಪ್ಪನೋರಿಗೆ ಫೋನ್ ಹಚ್ಚು" ಎಂದೆ. ಪತ್ರಿಕೆಯಲ್ಲಿ ಅವರ ಬರಹದ ಕೆಳಗೆ ನಂಬರು ಇರುತ್ತದೆ. ಹಚ್ಚಿದಳು. ಯಾರು, ಏನು ಎಂದು ವಿಚಾರಿಸದೆ ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, "ನಿಮ್ಮ ಮನ್ಯಾಗ ಕೌದಿ ಎಷ್ಟ್ ಅದಾವ?"

ಬಂದರು. ಹಳೆಯ ಬೈಕು, ಬೆನ್ನಿಗೆ ಒಂದು ಪೆಟ್ಟಿಗೆ, ಕಿವಿಯಲ್ಲಿ ಕೂದಲು, ಮುಖದಲ್ಲಿ ನಗುವಿಲ್ಲ. ರಾತ್ರಿ ಶಾಂತ ಇರುತ್ತದೆ, ರಾತ್ರಿ ಹಾಡುತ್ತೇವೆ ಎಂದದ್ದಕ್ಕೆ, "ರಾತ್ರಿ ಕರೆಂಟು ಬಿಡ್ತಾರ, ಹೊಲದ ಮೋಟಾರೆಲ್ಲ ಓಡ್ತಾವ. ನಮ್ಮ ಸೀಮ್ಯಾಗ ಶಾಂತ ಇರೋದು ಮಟಮಟ ಮಧ್ಯಾಹ್ನ. ಬಿಸಲಿಗೆ ನಾಯಿ ಸೈತ ಬೊಗಳಂಗಿಲ್ಲ" ಎಂದು ನಮ್ಮನ್ನೇ ಬೈದರು. ಚಹಾ ಬೇಡವೆಂದರು. ಮಂಡಾಳಿನ ಒಗ್ಗರಣೆ, ಮಿರ್ಚಿ ತಂದಿಟ್ಟರೆ ತಟ್ಟೆಯನ್ನು ನಮ್ಮಿಂದ ದೂರ ಸರಿಸಿ, "ಎಣ್ಣಿ ಗಂಟಲಿಗೆ ಹತ್ತತೈತಿ. ಹಾಡಾದ ಮ್ಯಾಲ ತಿನ್ರಿ" ಎಂದರು. ಆಮೇಲೆ ಕೋಣೆ ಕೋಣೆಗೂ ಹೋಗಿ ನಡುವೆ ನಿಂತು ಒಂದೊಂದು ಚಪ್ಪಾಳೆ ಹೊಡೆದರು. ಹೊಡೆದು ಕಣ್ಣು ಮುಚ್ಚುವುದು, ತಲೆ ಅಲ್ಲಾಡಿಸುವುದು, ಮುಂದಿನ ಕೋಣೆಗೆ ಹೋಗುವುದು. ದೇವರ ಕೋಣೆಯಲ್ಲೂ ಹೊಡೆದದ್ದನ್ನು ನೋಡಿ ಅಮರೇಶಪ್ಪ ನನ್ನ ಕಿವಿಯಲ್ಲಿ, "ಅತ್ತಿಗಿ, ಇವರಿಗೆ ಮನಿ ತೋರ್ಸಾಕತ್ತೀವೋ, ದೆವ್ವ ಬಿಡಸಾಕತ್ತೀವೋ?" ಎಂದ. ಕೊನೆಗೆ ಜೋಳದ ಚೀಲ ಒಟ್ಟಿದ ಕೋಣೆ ಅವರಿಗೆ ಒಪ್ಪಿಗೆಯಾಯಿತು. ಒಟ್ಟಿದ ಚೀಲದಷ್ಟು ಒಳ್ಳೆಯ ಗೋಡೆ ಸಿಮೆಂಟಿನವರು ಕಟ್ಟಲಾರರಂತೆ. ಖಾಲಿ ಇದ್ದ ಕಡೆ ಕೌದಿ ಕಟ್ಟಿಸಿದರು. ಫ್ರಿಜ್ಜು ಗುಂಯ್‌ಗುಡುತ್ತದೆಂದು ಆರಿಸಿ, ಅದರೊಳಗೆ ಮೊಸರಿನ ಗಡಿಗೆಯ ಪಕ್ಕ ತಮ್ಮ ಬೈಕಿನ ಕೀಲಿ ಇಟ್ಟರು. ಮಹಾದೇವಿ ಕಣ್ಣರಳಿಸಿ ನೋಡಿದ್ದಕ್ಕೆ, "ಮರತು ಹಂಗ ಹೋದ್ರ ನಿಮ್ಮ ಮೊಸರು ಕೆಡತೈತಿ. ಕೀಲಿ ಇಲ್ಲಿದ್ರ ನಾ ಮರತು ಹೋಗಂಗಿಲ್ಲ" ಎಂದರು. ನಾನು ಅಲ್ಲಿಯೇ ಅವರನ್ನು ಮೆಚ್ಚಿಬಿಟ್ಟೆ. ತನ್ನ ಮರೆವನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡ ಗಂಡಸನ್ನು ನಾನು ಬೇರೆ ನೋಡಿಲ್ಲ.

ಮಹಾದೇವಿ ನಮ್ಮ ಬಳೆ ತೆಗೆಸಲೇ ಎಂದು ಕೇಳಿದಳು. "ಮುತ್ತೈದೇರ ಬಳಿ ತೆಗಸಾಕ ನಾ ಯಾರಬೇ?" ಎಂದು ಗದರಿ, ಮೆತ್ತನೆಯ ಬಟ್ಟೆ ಹರಿದು, ನಮ್ಮಿಬ್ಬರ ಬಳೆಯ ಮೇಲೂ ಸುತ್ತಿಸಿದರು. ಕೈ ಮುರಿದುಕೊಂಡವರಂತೆ ಇಬ್ಬರೂ ಕುಳಿತೆವು. ಒಬ್ಬೊಬ್ಬರ ಮುಂದೆ ಒಂದೊಂದು ಮೈಕು, ಬಾಯಿಗೆ ಸ್ವಲ್ಪ ಓರೆಯಾಗಿ. ಬಾಗಿಲ ಹೊರಗೆ ಕಟ್ಟೆಯ ಮೇಲೆ ಅಮರೇಶಪ್ಪ ಕಾವಲು, ಓಣಿಯಲ್ಲಿ ಬೈಕಿನವರು ಬಂದರೆ ತಡೆಯಲು. ವೀರಭದ್ರಪ್ಪನವರು ಹೆಡ್‌ಫೋನು ಏರಿಸಿದರು, ಯಂತ್ರದ ಮೇಲೆ ಕೆಂಪು ದೀಪ ಹತ್ತಿತು.

"ಹೇಳ್ರಿ. ನಿಮ್ಮ ಹೆಸರು, ಗಂಡನ ಹೆಸರು, ಊರು, ಯಾವ ಹಾಡು. ಒಬ್ಬೊಬ್ಬರ ಹೇಳ್ರಿ. ಆಮ್ಯಾಲ ಹಾಡ್ರಿ."

ನಾನು ಪಟಪಟನೆ ಹೇಳಿ ಮುಗಿಸಿದೆ. ಬ್ಯಾಂಕು, ದವಾಖಾನೆ, ರೇಷನ್ ಅಂಗಡಿಯವರು ಕೇಳಿ ಕೇಳಿ ಆ ವಿಷಯದಲ್ಲಿ ನನ್ನ ನಾಚಿಕೆ ಎಂದೋ ಸವೆದು ಹೋಗಿದೆ. ನೀಲಮ್ಮ ತನ್ನ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದಳು. ಸೆರಗಿನ ತುದಿ ಬಾಯಿಗೆ ಹೋಯಿತು. ಯಂತ್ರ ಓಡುತ್ತಲೇ ಇದೆ.

"ಗಂಡನ ಹೆಸರು?"

"ಅವರು... ಹೊರಗ ಕಟ್ಟಿ ಮ್ಯಾಲ ಕುಂತಾರಲ್ರೀ, ಅವರ."

"ಕಟ್ಟಿ ಮ್ಯಾಲ ಕುಂತೋರ ಹೆಸರು ನನ್ನ ಯಂತ್ರಕ್ಕ ಗೊತ್ತಿಲ್ಲ ತಂಗೀ."

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಪ್ರಾಸ ಕೂಡಿಸಿ, ಒಡಪು ಕಟ್ಟಿ, ಅದರೊಳಗೆ ಮುಚ್ಚಿ ಹೇಳಬೇಕು. ನೀಲಮ್ಮ ಇಂದಿನವರೆಗೂ ಹಾಗೆಯೇ ನಡೆದುಬಂದವಳು. ನನಗೆ ಕುಳಿತಲ್ಲಿ ತಡೆಯಲಾಗಲಿಲ್ಲ. "ನಾನ ಹೇಳ್ತೀನಿ ಬಿಡ್ರೀ, ಅಮರೇಶಪ್ಪ ಅಂತ" ಎಂದೆ.

"ನಿಮ್ಮ ದನಿಯಾಗ ಬ್ಯಾಡ ಅಕ್ಕಾರ. ಯಾರ ದನಿ ಐತೋ ಅವರ ಬಾಯಾಗ ಬರಬೇಕು" ಎಂದರು ವೀರಭದ್ರಪ್ಪ. ಆಗ ನನಗೆ ಅವರು ಹಿಂದೊಮ್ಮೆ ಪತ್ರಿಕೆಯಲ್ಲಿ ಬರೆದದ್ದು ನೆನಪಾಯಿತು. ಅವರ ಮನೆಯ ಅಟ್ಟದ ಮೇಲೆ ಮೊದಲ ಕಾಲದ ಕ್ಯಾಸೆಟ್ಟುಗಳ ಡಬ್ಬಿಗಳಿವೆ. ಮೇಲೆ ಅಂಟಿಸಿದ ಚೀಟಿಗಳೆಲ್ಲ ಉದುರಿ ಹೋಗಿವೆ. ಒಳಗೆ ಯಾರಾರೋ ಹೆಣ್ಣುಮಕ್ಕಳು ಹಾಡಿದ್ದಾರೆ. ತಾಯಿ ತೀರಿಕೊಂಡ ಮೇಲೆ ಒಬ್ಬ ಮಗ ಬಂದು, ನಮ್ಮವ್ವನ ದನಿ ನಿಮ್ಮಲ್ಲಿ ಐತಂತಲ್ರಿ ಎಂದು ಕೇಳಿದನಂತೆ. ಇವರು ಒಂದೊಂದೇ ಹಚ್ಚಿದರಂತೆ. ಅವನು ಎಲ್ಲವನ್ನೂ ಕೇಳಿ, ಇದು ಇರಬಹುದು, ಅದೂ ಇರಬಹುದು ಎನ್ನುತ್ತ ಎದ್ದು ಹೋದನಂತೆ. ಅಂದಿನಿಂದ ಇವರದು ಒಂದೇ ಹಟ: ಹಾಡಿಗೆ ಮೊದಲು ಹಾಡುವವರು ತಮ್ಮ ಬಾಯಿಂದಲೇ ತಾವು ಯಾರೆಂದು ಹೇಳಬೇಕು, ಪ್ರತಿ ಸಲವೂ ಹೇಳಬೇಕು. ಓದಿದಾಗ ಒಳ್ಳೆಯ ಪದ್ಧತಿ ಎನಿಸಿತ್ತು. ಅದಕ್ಕೆ ನನ್ನ ನೆಗೆಣ್ಣಿಯೇ ಸಿಕ್ಕಿಬೀಳುತ್ತಾಳೆಂದು ಗೊತ್ತಿರಲಿಲ್ಲ.

ನೀಲಮ್ಮ ಒಂದು ಸಲ ಬಾಗಿಲ ಕಡೆ ನೋಡಿದಳು. ಸೆರಗು ಬಾಯಿಂದ ತೆಗೆದಳು.

"ತೊಗರಿ ಹೂವು ಹಳದಿ, ಅರಳಿದ ಹತ್ತಿ ಬಿಳಿ, ಅಮರೇಶಪ್ಪಗ ಸಿಟ್ಟು ಬಂದ್ರ ಬ್ಯಾಸಗ್ಯಾಗೂ ಚಳಿ."

ವೀರಭದ್ರಪ್ಪನವರ ಮೀಸೆ ಒಂದಿಷ್ಟು ಅಲುಗಿತು. ಹಾಡು ಶುರುವಾಯಿತು. ಎರಡು ನುಡಿ ಆಗುವಷ್ಟರಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು. "ಯಾರದೋ ಕಾಲು ಚಾಪಿಗೆ ತಿಕ್ಕಾಕತ್ತೈತಿ." ಯಾರದೋ ಏನು, ನನ್ನದೇ. ಮತ್ತೆ ಮೊದಲಿನಿಂದ. ಮತ್ತೆ ಹೆಸರು, ಗಂಡನ ಹೆಸರು, ಊರು. ಒಮ್ಮೆ ಹೇಳಿದ ಒಡಪನ್ನು ಕೂತ ಜಾಗದಲ್ಲೇ ಮತ್ತೆ ಹೇಳಿದರೆ ಬುದ್ಧಿ ಬರಿದಾಗಿದೆ ಎಂದು ಅರ್ಥ; ನೀಲಮ್ಮ ಅದಕ್ಕೆ ಒಪ್ಪುವವಳಲ್ಲ. ಹೊಸದು ಕಟ್ಟಿದಳು: "ಗೂಡಿನಾಗ ದೀಪ, ಕಣ್ಣಾಗ ನಿದ್ದಿ, ಅಮರೇಶಪ್ಪಗ ಐತಿ ನನಗಿಂತ ಕಡಿಮಿ ಬುದ್ಧಿ." ಈ ಸಲ ಮೂರನೆಯ ನುಡಿಯವರೆಗೆ ಹೋದೆವು, ಬಾಗಿಲ ಸಂದಿಯಲ್ಲಿ ಕೋಳಿ ಇಣುಕಿತು, ನನ್ನ ಬಾಯಿ ಹಾಡುತ್ತಿದ್ದರೂ ಕೈ "ಹುಶ್" ಎಂದು ಎದ್ದಿತು, ಕೌದಿ ಕಳಚಿ ಬಿತ್ತು. ಅದನ್ನು ಕಟ್ಟಿ ಮತ್ತೆ ಕುಳಿತರೆ ನನ್ನ ಹೊಟ್ಟೆ ಗುಡುಗಿತು. ಅದಾದ ಮೇಲೆ ಮೂಗಿನ ತುದಿ ತುರಿಸಿತು. ಒಂದೊಂದು ಸಲ ನಾನು ಕೆಡಿಸಿದಾಗಲೂ ನೀಲಮ್ಮ ಒಂದೊಂದು ಒಡಪು ಕಟ್ಟಬೇಕು, ಹಾಡನ್ನು ಮತ್ತೆ ಮೊದಲಿನಿಂದ ಹಾಡಬೇಕು. ಹೊರಗೆ ಬಿಸಿಲು ವಾಲುತ್ತಿದೆ. ಕುರಿ ತಿರುಗಿ ಬಂದವೆಂದರೆ ಓಣಿಯಲ್ಲಿ ಗಂಟೆ, ಕೂಗು, ಅಲ್ಲಿಗೆ ಆ ದಿನ ಮುಗಿದಂತೆ. ಮರುದಿನ ನೀಲಮ್ಮನನ್ನು ಕರೆದುಕೊಂಡು ಮನೆಯವರು ಆಪರೇಷನ್ನಿಗೆ ರಾಯಚೂರಿಗೆ ಹೊರಡಬೇಕು.

ಆಮೇಲಿನ ಸಲ ನಾನು ಮೈ ಬಿಗಿಹಿಡಿದು ಕಲ್ಲಿನಂತೆ ಕುಳಿತು ಹಾಡಿದೆ. ಈಗ ಒಡೆದದ್ದು ನೀಲಮ್ಮನ ದನಿ. ಮೇಲಿನ ಸ್ವರಕ್ಕೆ ಹೋದದ್ದೇ ಗೊರಕ್ಕೆಂದು ಸೀಳಿತು. ಅವಳು ಕುತ್ತಿಗೆ ಹಿಡಿದುಕೊಂಡಳು. ಮಹಾದೇವಿ ನನ್ನ ಕಡೆ ನೋಡಿದಳು. ಡಾಕ್ಟರು ಗಂಟಲಿಗೆ ದಣಿವು ಕೊಡಬೇಡಿ ಎಂದಿದ್ದರು. ನಾನು ಅದಕ್ಕೆ ಮಧ್ಯಾಹ್ನವಿಡೀ ದುಡಿತ ಕೊಟ್ಟಿದ್ದೆ.

"ನಾ ಹೊರಗ ಹೋಗ್ತೀನಿ. ಆಕಿ ಒಬ್ಬಾಕಿನ ಹಾಡ್ಲಿ" ಎಂದು ಎದ್ದೆ.

"ಯಕ್ಕಾ, ಕುಂದ್ರ ಬೇ. ನೀ ಹಾಡದ ನಾ ಏನಂತ ಹಿಂದ ಹಾಡ್ಲಿ? ಗ್ವಾಡಿ ಹಿಂದ ಹಾಡ್ಲೇನು?" ಎಂದಳು ನೀಲಮ್ಮ, ಒಡೆದ ದನಿಯಲ್ಲೇ.

ವೀರಭದ್ರಪ್ಪ ಯಂತ್ರ ಆರಿಸಿದರು. ಅವಳಿಗೆ ಬಿಸಿನೀರು ಕೊಡಿಸಿದರು. ನನ್ನನ್ನೇ ದಿಟ್ಟಿಸಿದರು. ಪತ್ರಿಕೆಯಲ್ಲಿ ಬೈಯುವಂತೆ ಬೈಯುತ್ತಾರೆಂದು ನಾನು ತಯಾರಾದರೆ, ಅವರು ಕೇಳಿದ್ದು ಬೇರೆ. "ಅಕ್ಕಾರ, ಮನ್ಯಾಗ ಹಾಡುವಾಗ ನಿಮ್ಮ ಕೈ ಏನ್ ಮಾಡಾಕತ್ತಿರ್ತಾವ?"

"ಏನರ ಮಾಡ್ತಿರ್ತಾವ. ಕಾಳು ಹಸನು, ರೊಟ್ಟಿ, ಹಿಟ್ಟಿನ ಚೀಲ ಹೊಲಿಯೋದು. ಸುಮ್ನ ಇದ್ದು ಎಂದ ಹಾಡೀನಿ?"

"ಹಂಗಾರ ತಪ್ಪು ನಂದು. ಕೆಲಸ ಕಸಗೊಂಡು ಹಾಡು ಕೇಳಿದೆ" ಎಂದರು. ಮಹಾದೇವಿಯಿಂದ ಹತ್ತಿ ತರಿಸಿ ನನ್ನ ತೊಡೆಯ ಮೇಲೆ ಹಾಕಿದರು. "ದೇವರ ದೀಪಕ್ಕ ಬತ್ತಿ ಹೊಸೀರಿ. ಸಪ್ಪಳ ಇಲ್ಲದ ಕೆಲಸ ಅಂದ್ರ ಅದೊಂದ. ತೊಡಿ ಮ್ಯಾಲ ಬ್ಯಾಡ, ಅಂಗೈಯಾಗ ಹೊಸೀರಿ, ಮೆಲ್ಲಕ."

ಕೆಂಪು ದೀಪ ಹತ್ತಿತು. ನೀಲಮ್ಮ ನೀರು ನುಂಗಿ, ಬಾಗಿಲ ಕಡೆಗೆ ಸ್ವಲ್ಪ ಬಾಗಿ ಹೇಳಿದಳು: "ರೊಟ್ಟಿ ಬಡದೆ ತೆಳ್ಳಗ, ಬೆಣ್ಣಿ ಹಚ್ಚಿದೆ ಬೆಳ್ಳಗ, ಅಮರೇಶಪ್ಪನೋರು ಕುಂತಾರ ಹೊರಗ, ಕಿವಿ ಮಾತ್ರ ಒಳಗ." ಬಾಗಿಲ ಆಚೆಯಿಂದ ಗಂಡಸಿನ ನಗು, ಆಮೇಲೆ ಅದನ್ನು ಮುಚ್ಚಲು ಕೆಮ್ಮು. ವೀರಭದ್ರಪ್ಪ ನಿಲ್ಲಿಸಲಿಲ್ಲ, ಹಾಡಿರೆಂದು ಬೆರಳು ತೋರಿಸಿದರು. ನಾನು ಬತ್ತಿ ಹೊಸೆಯುತ್ತ ಹಾಡಿದೆ. ಕಾಲು ಎಲ್ಲಿತ್ತೋ ನನಗೆ ನೆನಪಿಲ್ಲ. ಒಂದು ಹಾಡು ಆಯಿತು, ಇನ್ನೊಂದಾಯಿತು, ಮೇಲಿನ ಸ್ವರ ಇಲ್ಲದ ಹಾಡುಗಳನ್ನೇ ಅವರು ಆರಿಸಿ ಆರಿಸಿ ಹಾಡಿಸಿದರು. ಕುರಿಯ ಗಂಟೆ ದೂರದಲ್ಲಿ ಕೇಳಿದಾಗ ಯಂತ್ರ ಆರಿಸಿ ಹ್ಞೂಂ ಎಂದರು. ಒಂದು ವರ್ಷಕ್ಕೆ ಸಾಕಾಗುವಷ್ಟು ಬತ್ತಿ ನನ್ನ ಮಡಿಲಲ್ಲಿತ್ತು. ಅವರು ಫ್ರಿಜ್ಜು ಹಚ್ಚಿ, ತಣ್ಣಗಾದ ಕೀಲಿ ತೆಗೆದುಕೊಂಡು, ಅದೇ ನಗುವಿಲ್ಲದ ಮುಖದಲ್ಲಿ ಹೊರಟುಹೋದರು.

ಆಪರೇಷನ್ನು ಸುಸೂತ್ರ ಆಯಿತು. ಕೆಲವು ವಾರ ಮಾತಾಡಕೂಡದೆಂದು ನೀಲಮ್ಮನಿಗೆ ಅಪ್ಪಣೆ. ಅಷ್ಟರಲ್ಲಿ ವೀರಭದ್ರಪ್ಪನವರು ಮಹಾದೇವಿಯ ಮೊಬೈಲಿಗೆ ಎಲ್ಲವನ್ನೂ ಕಳಿಸಿದ್ದರು. ನಾನು ಗುರುಗುಂಟಾಕ್ಕೆ ಹೋದಾಗ ನನ್ನ ಮೈದುನ ಕಟ್ಟೆಯ ಮೇಲೆ ಗೆಳೆಯರನ್ನು ಕೂಡಿಸಿಕೊಂಡು, ಹಾಡನ್ನೆಲ್ಲ ಬಿಟ್ಟು ಬರೀ ಒಡಪುಗಳನ್ನೇ ಹಚ್ಚಿ ಕೇಳಿಸುತ್ತಿದ್ದ. ತನಗೆ ಬುದ್ಧಿ ಕಡಿಮೆ ಎಂದು ಹೆಂಡತಿ ಹೇಳಿದ್ದನ್ನು ಊರಿಗೆಲ್ಲ ಇಷ್ಟು ಹೆಮ್ಮೆಯಿಂದ ಸಾರಿದವನು ಇನ್ನೊಬ್ಬನಿಲ್ಲ. ಒಳಗಿನಿಂದ ನೀಲಮ್ಮ, ಮಾತಾಡುವಂತಿಲ್ಲವಲ್ಲ, ಲಟ್ಟಣಿಗೆ ತೋರಿಸುತ್ತಿದ್ದಳು. ಅವನು ದನಿ ಇನ್ನಷ್ಟು ದೊಡ್ಡದು ಮಾಡುತ್ತಿದ್ದ. ಮಾತು ತಿರುಗಿ ಬಂದಾಗ ದನಿ ದಪ್ಪವಾಗಿತ್ತು, ಮಣ್ಣಿನ ಗಡಿಗೆಯೊಳಗಿಂದ ಬಂದಂತೆ. ಮೇಲಿನ ಸ್ವರ ಪೂರ್ತಿ ಹೋಗಿದೆ. "ಯಕ್ಕಾ, ಗಂಡಸು ಮಾತಾಡಿದಂಗ ಆಗೈತಿ. ಈಗರ ಈ ಮನ್ಯಾಗ ನನ್ನ ಮಾತು ನಡೀತೈತೇನೋ" ಎಂದಳು. ಅಳಲಿಲ್ಲ. ನಾನೂ ಅಳಲಿಲ್ಲ. ನಾನು ಎದ್ದು ಅವಳ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಒರೆಸಿ ಇಟ್ಟೆ.

ಮುಂದಿನದನ್ನು ಬರೆಯುವುದೋ ಬೇಡವೋ ಎಂದು ಮೂರು ಸಲ ಗಿರಣಿಗೆ ಹೋಗಿ ಬಂದೆ. ಖರೆ ಬರೆಯುತ್ತೇನೆ ಎಂದಾಗಿದೆ. ಒಮ್ಮೆ ವೀರಭದ್ರಪ್ಪನವರು ಮಸ್ಕಿಗೆ ಬಂದಿದ್ದಾಗ ಗಿರಣಿಯ ಹಿಂದೆ, ನಮ್ಮ ಮನೆಯಲ್ಲಿ ಕುಳಿತು ಹೆಡ್‌ಫೋನು ನನ್ನ ಕಿವಿಗೆ ಹಾಕಿದರು. ಒಬ್ಬೊಬ್ಬರಿಗೆ ಒಂದೊಂದು ಮೈಕು ಇಟ್ಟಿದ್ದರಲ್ಲ, ಅದರಿಂದ ಬೇಕಾದರೆ ಒಬ್ಬರನ್ನೇ ಮುಂದೆ ಮಾಡಿ ಕೇಳಬಹುದಂತೆ. ಇಬ್ಬರದೂ ಕೂಡಿ ಕೇಳಿದೆ, ಚೆನ್ನಾಗಿತ್ತು. ನನ್ನದೊಂದನ್ನೇ ಹಚ್ಚಿರೆಂದು ನಾನೇ ಆಸೆಪಟ್ಟು ಕೇಳಿದೆ. ಹಚ್ಚಿದರು. ಆ ಹೆಂಗಸು ಪ್ರತಿ ನುಡಿಯ ಕೊನೆಗೆ ಓಡುತ್ತಿದ್ದಳು. ಯಾರೋ ಬಾಗಿಲು ಬಡಿದಂತೆ, ಒಲೆಯ ಮೇಲೆ ಹಾಲು ಇಟ್ಟು ಬಂದಂತೆ ಓಡುತ್ತಿದ್ದಳು. ಓಡುತ್ತ ಸ್ವರವನ್ನೂ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದಳು. ಆಮೇಲೆ ನೀಲಮ್ಮನದೊಂದನ್ನೇ ಹಚ್ಚಿದರು. ಅವಳು ನಾನು ಬಿಟ್ಟ ಸ್ವರವನ್ನು ಎತ್ತಿಕೊಂಡು, ಎಳೆದು, ನಿಧಾನಕ್ಕೆ ತಂದು ಮೊದಲಿನ ಜಾಗದಲ್ಲೇ ಇಡುತ್ತಿದ್ದಳು. ಪ್ರತಿ ನುಡಿಗೂ ಇಡುತ್ತಿದ್ದಳು. ನಾನು ಅಲ್ಲಿಂದ ಮತ್ತೆ ಓಡುತ್ತಿದ್ದೆ. ಎಷ್ಟು ಮದುವೆ, ಎಷ್ಟು ಬೀಗರು! ಮುಂದೆ ಹಾಡುವವಳು ನಾನೆಂದು ಎಲೆ ಅಡಿಕೆ ಮೊದಲು ನನಗೇ ಕೊಡುತ್ತಿದ್ದರು.

"ಕಂಪ್ಯೂಟರಿನ್ಯಾಗ ಇದನ್ನ ತಿದ್ದಾಕ ಬರತೈತೇನ್ರಿ?" ಎಂದೆ.

"ಬರತೈತಿ. ನಾ ತಿದ್ದಂಗಿಲ್ಲ."

"ಯಾಕ್ರೀ?"

"ನಿಮ್ಮನ್ನ ತಿದ್ದಿದ್ರ ಆ ತಂಗಿ ಮಾಡಿದ್ದು ಏನೂ ಉಳಿಯಂಗಿಲ್ಲ."

ಇದಕ್ಕಿಂತ ಒಳ್ಳೆಯ ಮಾತು ಅವರ ಬಗ್ಗೆ ಬರೆಯಲು ನನ್ನ ಹತ್ತಿರ ಇಲ್ಲ. ಹಾಡಿದವರನ್ನು ಮೆಚ್ಚಿಸಲು ಅವರು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ನನಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಅವರಿಗೆ ಎರಡು ರೊಟ್ಟಿ ಹೆಚ್ಚು ಹಾಕಿದೆ.

ಈಗ ಸನ್ಮಾನದ ದಿನ ನಾವಿಬ್ಬರೂ ಒಂದು ಬೀಗರ ಹಾಡು ಹೇಳಬೇಕಂತೆ, ವೀರಭದ್ರಪ್ಪನವರನ್ನೇ ಬೀಗರೆಂದು ಮಾಡಿ. ನೀಲಮ್ಮ ತನ್ನ ಹೊಸ ದಪ್ಪ ದನಿಗೆ ತಕ್ಕಂತೆ ಹಾಡನ್ನು ಕೆಳಗೆ ಇಳಿಸಿದ್ದಾಳೆ. "ಈ ಸರ್ತಿ ನಾ ಮುಂದ ಹಾಡ್ತೀನಿ ಯಕ್ಕಾ. ನೀ ಹಿಂದ ಬಾ" ಎಂದಿದ್ದಾಳೆ. ಹ್ಞೂಂ ಎಂದಿದ್ದೇನೆ. ಮಹಾದೇವಿ ಫೋನಿನಲ್ಲಿ ಇಬ್ಬರನ್ನೂ ಕೂಡಿಸಿ ಅಭ್ಯಾಸ ಮಾಡಿಸುತ್ತಿದ್ದಾಳೆ. ನೀಲಮ್ಮ ಒಂದು ನುಡಿ ಮುಗಿಸುವ ಮೊದಲೇ ನಾನು ಶುರುಮಾಡಿರುತ್ತೇನೆ. ಹಿಂದೆ ಹಾಡುವವರು ಮುಂದಿನವರು ಮುಗಿಸುವ ತನಕ ಬಾಯಿ ಮುಚ್ಚಿ ಕೇಳಬೇಕು ಎಂದು ಮಹಾದೇವಿ ಗದರಿದಳು. ಮೊದಲು ಕೇಳಿಸಿಕೊಳ್ಳಿ, ಆಮೇಲೆ ಕೆಂಪು ದೀಪ ಹತ್ತಿಸಿ ಎಂದು ತಾನೆ ವೀರಭದ್ರಪ್ಪನವರೂ ಇಷ್ಟು ವರ್ಷ ಬರೆದದ್ದು? ನಾನು ಒಂದು ವಾರವೂ ತಪ್ಪದೆ ಓದಿದ್ದೇನೆ. ಬರೀ ಮೈಕು ಇದ್ದವರಿಗೆ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ.